ಕೆಂಪು ಶಾಯಿಯ ಬಾಲಗಳು

ರಾಯಚೂರು,
ಭಾನುವಾರ ಸಂಜೆ

ಪ್ರಿಯ ತಮ್ಮ ಕೃಷ್ಣನಿಗೆ,

ಅಣ್ಣ ತಾಯಣ್ಣನ ಜೈ ಭೀಮ್. ನೀನೂ ನಾಗವೇಣಿಯೂ ಕ್ಷೇಮವೆಂದು ನಂಬಿದ್ದೇನೆ.

ಎಲ್ಲಕ್ಕಿಂತ ಮೊದಲು ಒಂದು ತಿದ್ದುಪಡಿ. ಫೆಬ್ರವರಿಯ ಪತ್ರದಲ್ಲಿ, "ನನ್ನ ತಮ್ಮನೂ ಗಿಟಾರ್ ಕಲಿಯುತ್ತಿದ್ದ, ತಾಳ ನಿಲ್ಲದ ಕಾರಣ ಬಿಟ್ಟ ಎಂದು ಶಿಷ್ಯೆ ಸೂಫಿಯಾಳಿಗೆ ಹೇಳಿದ್ದೇನೆ" ಎಂದು ಬರೆದಿದ್ದೆ. ಆ ವಾಕ್ಯದಲ್ಲಿ ನೀನು ಗಿಟಾರ್ ಕಲಿಯುತ್ತಿದ್ದೆ ಎಂಬಷ್ಟೇ ಸರಿ. ಉಳಿದದ್ದು ತಪ್ಪು. ನೀನು ಅದಕ್ಕೆ, "ಹೌದಣ್ಣ, ನಂಗೆಲ್ಲಿ ತಾಳ ಬರ್ತಿತ್ತು? ಗಿರಣಿ ಪಟ್ಟಾ ತಿರಗೋ ತಾಳ ಒಂದ ಬಂತು" ಎಂದು ನಗೆಯಾಡಿ ಉತ್ತರಿಸಿದೆ. ಆ ನಗೆಯನ್ನೇ ಸಾಕ್ಷಿಯೆಂದು ಆರು ತಿಂಗಳು ನೆಮ್ಮದಿಯಾಗಿದ್ದೆ. ಮರುಪತ್ರ ತಡವಾದುದನ್ನು ಕ್ಷಮಿಸು. ಮೂವತ್ತೆಂಟು ವರ್ಷ ಅಕ್ಕಿ ಗಿರಣಿಯ ಸದ್ದಿನಲ್ಲಿ ನಿಂತ ನಿನ್ನ ಕಿವಿಗೆ ಫೋನಿನಲ್ಲಿ ಕೂಗಿ ಹೇಳುವ ವಿಷಯವಲ್ಲ ಇದು.

ಸೂಫಿಯಾಳನ್ನು ನೀನು ನೋಡಿಲ್ಲ. ಶಕ್ತಿನಗರದಲ್ಲಿ ನೀರಿನ ಪರೀಕ್ಷೆ ಮಾಡುವ ಗುತ್ತಿಗೆ ಕೆಲಸ ಅವಳದು; ವಯಸ್ಸು ಇಪ್ಪತ್ತೇಳು. ನಾಲ್ಕು ವರ್ಷಗಳಿಂದ ಪ್ರತಿ ಭಾನುವಾರ ಗಿಟಾರನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಸ್ಸಿನಲ್ಲಿ ಬರುತ್ತಾಳೆ. "ನಿನಗ ಫ್ರೀ ಅದವ್ವ, ಈ ಕೂಸಿಗಿ ಹಾಫ್ ಟಿಕೆಟ್ ತಗೀಬೇಕು" ಎಂದು ಕಂಡಕ್ಟರ್ ವಾರಕ್ಕೊಮ್ಮೆ ಅದೇ ಹಾಸ್ಯ ಮಾಡುತ್ತಾನಂತೆ.

ಅವಳಿಗೆ ಕಲಿಸುತ್ತಿರುವುದು ನಮಗೆ ಗಿಟಾರ್ ಕಲಿಸಿದ ಚರ್ಚಿನ ಫಾದರ್ ನಮ್ಮಿಬ್ಬರಿಗೆ ಬಿಟ್ಟುಹೋದ ನೋಟ್‌ಬುಕ್ಕಿನ ಸಂಗೀತವನ್ನೇ. ಮುನ್ನೂರೈವತ್ತು ವರ್ಷಗಳ ಹಿಂದೆ ಫ್ರಾನ್ಸಿನಲ್ಲಿ, ಲ್ಯೂಟ್ ಎಂಬ ಗುಂಡುಬೆನ್ನಿನ ವಾದ್ಯಕ್ಕೆಂದು ರಚಿಸಿದ್ದು. ಆ ವಾದ್ಯಕ್ಕೆ ಇಪ್ಪತ್ತು ತಂತಿ, ನಮ್ಮ ಗಿಟಾರಿಗೆ ಆರು. ಆದ್ದರಿಂದ ಆರನೆಯ ತಂತಿಯನ್ನು ಒಂದು ಸ್ವರ ಇಳಿಸಬೇಕು. ಅಲ್ಲಿಗೂ ನಿಲುಕದ ಮಂದ್ರವನ್ನು ಮೇಲಿನ ಸ್ಥಾಯಿಗೆ ತರಬೇಕು. ಉಗುರು ಕತ್ತರಿಸಿ ಬೆರಳ ತುದಿಯ ಮಾಂಸದಿಂದ ಮೀಟಬೇಕು. "ಎಡಗೈ ಉಗುರು ಮೊದಲ ಹೋಗಿದ್ವು, ಈಗ ಬಲಗೈದ್ದೂ ಹೋದ್ವು. ಜಗಳ ಬಂದ್ರ ಇನ್ನ ಹೆಂಗ ಪರಚಲಿರೀ ಸರ್?" ಎಂದು ಕೇಳಿದಳು. ಈ ತಿಂಗಳ ಇಪ್ಪತ್ತೈದಕ್ಕೆ ಇಲ್ಲಿನ ಶಾಲೆಯೊಂದರ ಸಭಾಂಗಣದಲ್ಲಿ ಅವಳು ಆ ನೋಟ್‌ಬುಕ್ಕಿನ ನಾಲ್ಕು ತುಣುಕುಗಳನ್ನು ನುಡಿಸಲಿದ್ದಾಳೆ.

ಜುಲೈ ಇಪ್ಪತ್ತೆಂಟರ ಪಾಠಕ್ಕೆ ಬಂದವಳು ಗಿಟಾರ್ ತೆಗೆಯಲಿಲ್ಲ, ಫೋನು ತೆಗೆದಳು. ವಿದೇಶದ ಗ್ರಂಥಾಲಯವೊಂದರ ಹಳೆಯ ಹಸ್ತಪ್ರತಿಯ ಚಿತ್ರ ಅದರಲ್ಲಿತ್ತು.

"ಸರ್, ನಮ್ಮ ಮೊದಲನೇ ತುಣುಕು ಇದ ಅದ. ಆದ್ರ ನಿಮ್ಮ ಕೆಂಪು ಗೆರಿ ಒಂದೂ ಇಲ್ಲ ನೋಡ್ರಿ."

"ಬರೆದವನು ಮರೆತಿದ್ದಾನೆ," ಎಂದೆ.

"ಮುಂದಿನ ಪುಟದ ಕುಣಿತದ ತುಣುಕಿಗಿ ಎಲ್ಲಾ ಗುರ್ತು ಹಾಕ್ಯಾನ. ಇದಕ್ಕಷ್ಟ ಮರ್ತನೇನ್ರಿ? ಇಂಥಾವು ಇನ್ನ ಒಂಬತ್ತು ಅದಾವ. ಒಂಬತ್ತೂ ಮರ್ತನೇನು?"

ಆ ಪುಟ ನಿನಗೆ ನೆನಪಿರಬೇಕು. ಫಾದರ್ ಗಿಟಾರಿಗೆ ಹೊಂದಿಸಿ ಬರೆದಿದ್ದರಲ್ಲ, ಅದರಲ್ಲಿ ಸ್ವರಗಳಿಗೆ ತಲೆ ಮಾತ್ರ ಇತ್ತು, ಬಾಲವಿರಲಿಲ್ಲ. ಯಾವ ಸ್ವರ ಎಷ್ಟು ಹೊತ್ತು ನಿಲ್ಲಬೇಕೆಂಬ ಗುರುತಿಲ್ಲ, ತಾಳ ವಿಭಾಗಿಸುವ ಗೆರೆಯಿಲ್ಲ. ಅಪೂರ್ಣವೆಂದು ತೀರ್ಮಾನಿಸಿದೆ. ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನಿನಿಂದ ಪ್ರತಿಯೊಂದಕ್ಕೂ ಬಾಲ ಹಚ್ಚಿ, ನಾಲ್ಕು ನಾಲ್ಕು ಎಣಿಕೆಗೆ ಗೆರೆ ಎಳೆದೆ. ಎರಡು ವಾರ ಸಿಕ್ಕಿದ್ದನ್ನೆಲ್ಲ ಓದಿ ಈಗ ಖಚಿತಪಡಿಸಿಕೊಂಡಿದ್ದೇನೆ. ಅದು ಅಪೂರ್ಣವಾಗಿರಲಿಲ್ಲ, ಕೃಷ್ಣ. ಆರಂಭದ ತುಣುಕನ್ನು ಅಲ್ಲಿ ಹಾಗೆಯೇ ಬರೆಯುತ್ತಿದ್ದರು. ಕಾಲವನ್ನು ನುಡಿಸುವವನ ಕೈಗೆ ಬಿಡುತ್ತಿದ್ದರು.

ದೇವದುರ್ಗದ ಬಾಡಿಗೆ ಕೋಣೆಯಲ್ಲಿ ನನಗೆ ಇಪ್ಪತ್ತಾರು, ಹೈಸ್ಕೂಲಿನಲ್ಲಿ ಮೊದಲ ವರ್ಷದ ನೌಕರಿ, ನಿನಗೆ ಹದಿನೆಂಟು. ಶನಿವಾರಕ್ಕೊಮ್ಮೆ ಮೋಟಾರ್ ಸೈಕಲ್ಲಿನಲ್ಲಿ ಬಂದು ಕಲಿಸುತ್ತಿದ್ದ ಫಾದರ್ ಗೋವೆಗೆ ವರ್ಗವಾಗಿ ತಿಂಗಳಾಗಿತ್ತು. ಆ ಪುಟವನ್ನು ಅವರು ನಮಗೆ ಕಲಿಸಿರಲಿಲ್ಲ. ನೀನು ಎಂದಿನಂತೆ ದವಡೆಯನ್ನು ಗಿಟಾರಿನ ಹೆಗಲಿಗೆ ಒತ್ತಿ ಕಣ್ಣು ಮುಚ್ಚಿದೆ. ಮೊದಲ ಸ್ವರವನ್ನು ಅದು ತಾನಾಗಿ ಆರುವವರೆಗೆ ಬಿಟ್ಟೆ. ಮುಂದಿನ ಮೂರನ್ನು ಒಟ್ಟಿಗೆ ಸುರಿದೆ. ನಾನು ಮೇಜು ಬಡಿದು, "ತಾಳ ಎಲ್ಲದ?" ಎಂದೆ.

"ಅವ್ವ ತತ್ವಪದ ಎತ್ತುವಾಗ ಮೊದಲ ತಾಳ ಹಿಡಿತಾಳೇನಣ್ಣ? ದನಿ ಎಲ್ಲಿ ತನಕ ಹೋಗ್ತದ ನೋಡ್ತಾಳ, ಆಮ್ಯಾಲ ತಾಳ."

"ಇದು ಬರದಿಟ್ಟ ಸಂಗೀತ ಅದಲೇ. ಅವ್ವನ ಪದ ಅಲ್ಲ."

"ಬರದಿಲ್ಲಲ್ಲಣ್ಣ. ಅದನ್ನ ಹೇಳಾಕತ್ತೀನಿ."

ಆ ಮಾತಿಗೆ ನಾನು ಕೆಂಪು ಪೆನ್ನು ತೆಗೆದೆ. ನೀನು ಇನ್ನೆರಡು ದಿನ ನನ್ನ ನಾಲ್ಕೆಣಿಕೆಗೆ ಬೆರಳು ಒಗ್ಗಿಸಲು ನೋಡಿ, ಮೂರನೆಯ ದಿನ ಗಿಟಾರನ್ನು ಗೋಡೆಗೆ ಒರಗಿಸಿದೆ.

ಬಾಗಲವಾಡದ ನಮ್ಮ ಕೇರಿಯಿಂದ ಶಾಲೆಯ ಮೇಜಿನವರೆಗೆ ಬಂದ ಮೊದಲಿಗ ನಾನು. ನನ್ನ ಒಂದಕ್ಷರ ತಪ್ಪಿದರೆ ನಗಲು ಕಾದವರು ಸ್ಟಾಫ್ ರೂಮಿನಲ್ಲಿಯೇ ಇದ್ದರು. ಬರೆದದ್ದನ್ನು ಬರೆದಂತೆ ಓದುವುದೊಂದೇ ನನಗಿದ್ದ ಕಾವಲು. ಇದನ್ನು ಕಾರಣವೆಂದು ತಿಳಿ, ಸಮರ್ಥನೆಯೆಂದಲ್ಲ.

ಈಗ ಸೂಫಿಯಾಳ ಕೈ ನೋಡು. ನಾಲ್ಕು ವರ್ಷ ನನ್ನ ಗೆರೆಗಳ ಒಳಗೆ ನಡೆದ ಕೈ ಅದು. ಎಣಿಕೆ ಬಿಡು ಎಂದರೆ ಮುಂದಿನ ಸ್ವರಕ್ಕೆ ಅಂಜುತ್ತದೆ. ನಾನೇ ನುಡಿಸಿ ತೋರಿಸಲು ಕುಳಿತೆ. "ಸರ್, ಕೈ ಬಿಟ್ಟದರೀ, ಆದ್ರ ಕಾಲಿನ ಹೆಬ್ಬಟ್ಟು ಎಣಸಾಕತ್ತದ," ಎಂದಳು. ನೋಡಿದರೆ ನಿಜ.

ನೀನು ಅಂದು ನುಡಿಸಿದ ಬಗೆಯನ್ನು ಹೇಳಿದ್ದಕ್ಕೆ, ಇಂದು ಅವಳು ನೇರವಾಗಿ ಕೇಳಿದಳು: "ನಿಮ್ಮ ತಮ್ಮ ಬಾರಿಸಿದ್ದು ನಿಮಗ ಇನ್ನೂ ನೆನಪದ. ಅಂದ್ರ ಅವರ ಕೈಯಾಗೂ ಇರ್ತದಲ್ರಿ? ಅವರನ್ನ ಕರೀರಿ."

"ಅವನಿಗೆ ಈಗ ಕಿವಿ ಕೇಳುವುದಿಲ್ಲವಮ್ಮ."

"ಕೈ ಅದಾವಲ್ರಿ?"

ನಾಗವೇಣಿಗೆ ಫೋನು ಮಾಡಿ ವಿಚಾರಿಸಿದೆ. "ಗಿರಣಿ ನಡದದೋ ನಿಂತದೋ ಕಂಬಕ್ಕ ಕೈ ಹಚ್ಚಿ ಹೇಳ್ತಿದ್ರು ಭಾವಾರ, ಒಂದಿನಾನೂ ತಪ್ಪಿಲ್ಲ," ಎಂದಳು. ಕಂಬಕ್ಕೆ ಹಚ್ಚಿದ ಕೈಯನ್ನು ಗಿಟಾರಿಗೆ ಹಚ್ಚು. ದವಡೆಯನ್ನು ಅದರ ಹೆಗಲಿಗೆ ಒತ್ತು. ಹದಿನೆಂಟನೆಯ ತಾರೀಖಿನ ಭಾನುವಾರ, ಹನ್ನೊಂದು ಗಂಟೆಗೆ ಇಲ್ಲಿಗೆ ಬಾ. ಕೆಂಪು ಶಾಯಿಯನ್ನು ಬ್ಲೇಡಿನಿಂದ ಕೆರೆಯಲು ಹೋದೆ. ಕಾಗದ ಹರಿಯತೊಡಗಿತು, ನಿಲ್ಲಿಸಿದೆ. ಮೂಲವನ್ನಿಟ್ಟುಕೊಂಡು ಹೊಸ ಪ್ರತಿ ಬರೆದಿದ್ದೇನೆ. ತಲೆಗಳು ಮಾತ್ರ, ಫಾದರ್ ಬರೆದಂತೆ. ನೀನು ಕಲಿಸು. ಅವಳ ಪಕ್ಕದ ಕುರ್ಚಿಯಲ್ಲಿ ಕುಳಿತು ನಾನೂ ಕಲಿಯುತ್ತೇನೆ.

ನೀನು ಬಾರದಿದ್ದರೆ ಹತ್ತೊಂಬತ್ತರ ಸೋಮವಾರ ಮೊದಲ ಬಸ್ಸಿಗೆ ನಾವಿಬ್ಬರೂ ಮಾನ್ವಿಗೆ ಬರುತ್ತೇವೆ. ಅವಳು ಆಗಲೇ ರಜೆ ಚೀಟಿ ಬರೆದುಕೊಟ್ಟಿದ್ದಾಳೆ. ಈ ತುಣುಕು ತಪ್ಪಾಗಿ ಇನ್ನೊಂದು ಸಲ ಈ ಜಿಲ್ಲೆಯಲ್ಲಿ ಕೇಳಿಸಲು ನಾನು ಬಿಡುವುದಿಲ್ಲ.

ನಿಮ್ಮಿಬ್ಬರ ಆಯುಷ್ಯ, ಆರೋಗ್ಯ ದೊಡ್ಡದಾಗಲಿ.

ನಿನ್ನ ಅಣ್ಣ

ಮರುಬರಹ: ಪತ್ರವನ್ನು ನಿನ್ನೆ ಸಂಜೆಯೇ ಮಡಿಚಿದ್ದೆ, ಬೆಳಿಗ್ಗೆ ಬಿಚ್ಚಿದೆ. ಮರೆತದ್ದನ್ನು ಸೇರಿಸುತ್ತಿಲ್ಲ, ಧೈರ್ಯ ಸಾಲದೆ ಬಿಟ್ಟದ್ದನ್ನು ಸೇರಿಸುತ್ತಿದ್ದೇನೆ.

ನೀನು ಗಿಟಾರನ್ನು ಗೋಡೆಗೆ ಒರಗಿಸಿದ ವಾರವೇ ಫಾದರ್ ಗೋವೆಯಿಂದ ನನಗೆ ಪತ್ರ ಬರೆದಿದ್ದರು. ಅಲ್ಲಿನ ಸಂಗೀತಶಾಲೆಯಲ್ಲಿ ನಿನಗೆಂದು ಸ್ಥಳ ಕಾದಿರಿಸಲಾಗಿದೆ, ಊಟ ವಸತಿ ತಮ್ಮದೇ, ನಿನ್ನ ಸಿದ್ಧತೆ ಹೇಗಿದೆಯೆಂದು ಅಣ್ಣನಾಗಿ, ಶಿಕ್ಷಕನಾಗಿ ನಾನು ತಿಳಿಸಬೇಕು ಎಂದಿದ್ದರು. ನಾನು ಒಂದು ಸಾಲು ಬರೆದೆ: "ಅವನಿಗೆ ತಾಳವಿಲ್ಲ." ಯಾವ ತುಣುಕನ್ನು ಕೇಳಿ ಹಾಗೆಂದೆನೆಂದು ಬರೆಯಲಿಲ್ಲ. ಬರೆದಿದ್ದರೆ ಅವರು ನಕ್ಕು ನಿನ್ನನ್ನು ಕರೆಸಿಕೊಳ್ಳುತ್ತಿದ್ದರು. ಅವರಿಂದ ಒಂದು ಕಾರ್ಡು ಬಂತು: "ಸರಿ. ನೀವು ಬಲ್ಲವರು." ಜೂನಿನಲ್ಲಿ ನೀನು ಗಿರಣಿಗೆ ಸೇರಿದೆ.

ಆ ಪತ್ರವೂ ಕಾರ್ಡೂ ಈ ಲಕೋಟೆಯಲ್ಲಿವೆ. ಅವು ನಿನ್ನವು; ನಲವತ್ತೆರಡು ವರ್ಷ ನನ್ನ ಪೆಟ್ಟಿಗೆಯಲ್ಲಿದ್ದವು. ಇವನ್ನು ಓದಿದ ಮೇಲೆ ನೀನು ಭಾನುವಾರ ಬಾರದಿದ್ದರೆ ನಾನು ಆಶ್ಚರ್ಯಪಡುವುದಿಲ್ಲ. ಸೋಮವಾರ ನಾನಂತೂ ಬರುತ್ತೇನೆ. ಬಾಗಿಲು ತೆರೆಯಲು ನೀನು ಎಷ್ಟು ಹೊತ್ತು ಬೇಕಾದರೂ ತೆಗೆದುಕೋ. ಹೊರಗೆ ನಿಂತಿರುತ್ತೇನೆ, ಎಣಿಸುವುದಿಲ್ಲ.

ತಾಯಣ್ಣ
ಸೋಮವಾರ, 12 ಆಗಸ್ಟ್ 2024, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ