ಅರವತ್ತನಾಲ್ಕನೆಯ ಸಾಲು

ಅಕ್ಟೋಬರ್ 14, ಸೋಮವಾರ

ಟಯರ್ ಆರ್ಡರ್ ಹೋಯಿತು. ಕಸ್ಟಮ್ಸ್ ಪೇಪರ್ ವಾಪಸ್ ಬಂತು — ಸೀಲ್ ಸರಿ ಬಿದ್ದಿಲ್ಲವಂತೆ. ನಾಳೆ ಮತ್ತೆ ಓಡಬೇಕು. ವರ್ಕ್‌ಶಾಪಿನ ಎಸಿ ಮಧ್ಯಾಹ್ನಕ್ಕೆ ಕೈಕೊಟ್ಟಿತು. ಮೆಕ್ಯಾನಿಕ್‌ಗಳ ಬೆವರು, ನನ್ನ ಬೈಗುಳ, ಎರಡೂ ಸಮಸಮ.

ನಾಲ್ಕು ಗಂಟೆಗೆ ಮಿಸ್ಟರ್ ಪೆಂಡ್ರಿ ಬಂದು ಮೇಜಿನ ಎದುರು ನಿಂತರು. ಟೀಮಿನ ಓನರ್ ಹೀಗೆ ಸುಮ್ಮನೆ ನಿಂತರೆ ಯಾವುದೋ ಬಿಲ್ ತಪ್ಪಿದೆ ಎಂದೇ ಅರ್ಥ. ನಾನು ಕೈಯಲ್ಲಿ ಬರೆದಿಡುವ ಪಾರ್ಟ್ಸ್ ಪುಸ್ತಕ ನೋಡುತ್ತಿದ್ದರು. ಒಂದೂ ಚಿತ್ತಿಲ್ಲವಲ್ಲ, ಎಲ್ಲಿ ಕಲಿತೆ ಎಂದು ಕೇಳಿದರು. ಆಸ್ಪತ್ರೆಯಲ್ಲಿ ಎಂದೆ. ಹದಿನೆಂಟು ವರ್ಷ ವಾರ್ಡ್ ಕ್ಲರ್ಕ್. ಜ್ವರ, ಬಿಪಿ, ಔಷಧಿ — ಗಂಟೆಗೊಂದು ಸಾಲು. ತಪ್ಪು ಬರೆದರೆ ಯಾರದೋ ಜೀವ.

"ಶನಿವಾರ ಟ್ರ್ಯಾಕಿಗೆ ಬಾ, ಮೆಟಿಲ್ಡಾ. ನಾಲ್ಕು ಪೆನ್ಸಿಲ್ ತಾ" ಅಂದರು. ಅಷ್ಟೇ. ಅವರ ಇಂಗ್ಲಿಷ್ ಯಾವಾಗಲೂ ಅಷ್ಟೇ ಚಿಕ್ಕದು.

ದುಬೈಯಲ್ಲಿ ಈ ಕೆಲಸಕ್ಕೆ ಸೇರಿ ಏಳು ತಿಂಗಳು. ಕಾರ್ ರೇಸ್ ಟೀಮಿನ ಆಫೀಸಿನಲ್ಲಿ ಕೂತು ಇವತ್ತಿನವರೆಗೆ ಒಂದು ರೇಸ್ ನೋಡಿದವಳಲ್ಲ ನಾನು. ಇದನ್ನೆಲ್ಲ ಯಾಕೆ ಬರೆಯುತ್ತೇನೋ… ಮಗಳು ಡಿಂಪಲಿಗೆ ಕನ್ನಡ ಓದಲು ಬರುವುದಿಲ್ಲ. ಒಳ್ಳೆಯದೇ.

ಅಕ್ಟೋಬರ್ 19, ಶನಿವಾರ

ಕಿವಿಯಲ್ಲಿ ಇನ್ನೂ ಗುಂಯ್ ಎನ್ನುತ್ತಿದೆ.

ಲ್ಯಾಪ್ ಚಾರ್ಟ್ ಅಂದರೆ ಇಷ್ಟು: ಒಂದು ಸುತ್ತಿಗೆ ಒಂದು ಸಾಲು. ಗೆರೆ ದಾಟಿದ ಕ್ರಮದಲ್ಲಿ ಕಾರುಗಳ ನಂಬರ್ ಬರೆಯುತ್ತಾ ಹೋಗುವುದು. ಕೇಳಲು ಸುಲಭ. ಇಪ್ಪತ್ತೆರಡು ಕಾರು ಒಟ್ಟಿಗೆ ಬಂದವು — ಬಂದವು ಅನ್ನುವಷ್ಟರಲ್ಲಿ ಹೋಗಿಯಾಗಿತ್ತು. ನಾನು ಬರೆದದ್ದು ಐದು. ಅದರಲ್ಲೂ ಒಂದು ಇಲ್ಲದ ನಂಬರ್!

ಪೆಂಡ್ರಿ ಪಕ್ಕದಲ್ಲಿ ಕೂತು ತಾವೇ ಬರೆದು ತೋರಿಸಿದರು. ಕಾಗದದ ಕಡೆ ನೋಡಲೇ ಇಲ್ಲ. ಕಣ್ಣು ಗೆರೆಯ ಮೇಲೆ, ಪೆನ್ಸಿಲ್ ತನ್ನಷ್ಟಕ್ಕೆ ಓಡುತ್ತಿತ್ತು. ಎಡಗೈಯ ಎರಡು ಬೆರಳು ಮಡಚಿಕೊಂಡೇ ಇರುತ್ತವೆ — ಯಾವಾಗಲೋ ಕಾರಿಗೆ ಬೆಂಕಿ ಬಿದ್ದಾಗ ಸುಟ್ಟದ್ದಂತೆ. ಆ ಕೈಯಿಂದಲೇ ಕಾಗದ ಒತ್ತಿ ಹಿಡಿದಿದ್ದರು. ನಡುವೆ ಒಮ್ಮೆ ಕಣ್ಣು ಮುಚ್ಚಿ, "ನಮ್ಮ ಕಾರಿನ ಮೂರನೇ ಗೇರ್ ಕೆಡುತ್ತಿದೆ" ಎಂದರು. ಎಂಜಿನಿಯರ್‌ನ ಲ್ಯಾಪ್‌ಟಾಪ್ ಅದನ್ನೇ ಹೇಳಿದ್ದು ಐದು ಸುತ್ತು ಕಳೆದ ಮೇಲೆ. ಎಪ್ಪತ್ತೆರಡು ವರ್ಷದ ಕಿವಿ!

ಚೀಫ್ ಮೆಕ್ಯಾನಿಕ್ ಪೃಥ್ವಿರಾಜ್ ಕಾರ್ಕಳದವನು. ಗೇಲಿ ಮಾಡದೆ ಅವನಿಗೆ ಉಂಡದ್ದು ಅರಗುವುದಿಲ್ಲ. "ಎಂತ ಮೆಟಿಲ್ಡಾಕ್ಕ, ಇಷ್ಟುದ್ದದ ಮೂರು ಸ್ಕ್ರೀನ್ ಉಂಟು ಇಲ್ಲಿ. ನೀವು ಪೆನ್ಸಿಲ್ ಕೆತ್ತುದಾ?"

"ಸ್ಕ್ರೀನಿಗೆ ಕರೆಂಟ್ ಬೇಕು ಮಾರಾಯ. ನನಗೆ ಒಂದು ಚಾ ಸಾಕು" ಎಂದೆ. ತಂದುಕೊಟ್ಟ, ಪಾಪ.

ನವೆಂಬರ್ 2, ಶನಿವಾರ

ಇವತ್ತು ಹತ್ತೊಂಬತ್ತು ಕಾರು ಸರಿ ಬಂದವು. ಪೆಂಡ್ರಿ ಚಾರ್ಟ್ ಮಡಚಿ ಕಿಸೆಗೆ ಹಾಕಿಕೊಂಡರು. ಅದೇ ಸರ್ಟಿಫಿಕೇಟ್.

ಅವರ ಹೆಂಡತಿ ಮೋರೀನ್ ಹತ್ತೊಂಬತ್ತು ವರ್ಷ ಅವರಿಗೆ ಚಾರ್ಟ್ ಬರೆದರಂತೆ. ಆಗ ಡ್ರೈವರುಗಳ ಹೆಂಡತಿಯರದ್ದೇ ಆ ಕೆಲಸ. ಗಂಡ ಸುತ್ತು ಹಾಕುವುದು, ಹೆಂಡತಿ ಲೆಕ್ಕ ಹಿಡಿಯುವುದು. ಒಂದು ಸುತ್ತಿಗೆ ಗಂಡನ ಕಾರೇ ಬಾರದಿದ್ದರೆ, ಎಂದು ಕೇಳಿದೆ. "ಆ ಜಾಗ ಖಾಲಿ ಬಿಡುತ್ತಿದ್ದಳು. ಮುಂದಿನ ಕಾರಿನ ನಂಬರ್ ಬರೆಯುತ್ತಿದ್ದಳು" ಎಂದರು ಪೆಂಡ್ರಿ. ಬೆಂಕಿ ಬಿದ್ದ ದಿನವೂ ಬರೆದು ಮುಗಿಸಿ ಆಮೇಲೆ ಆಸ್ಪತ್ರೆಗೆ ಹೋದರಂತೆ. ದೇವರೇ, ಅದೆಂತಹ ಹೆಂಗಸು! ಆಕೆ ಹೋಗಿ ಆರು ವರ್ಷ. ಕಂಪ್ಯೂಟರ್ ಎಷ್ಟೇ ಇರಲಿ, ಕಾಗದದ ಚಾರ್ಟ್ ಇಲ್ಲದೆ ಪೆಂಡ್ರಿ ಟ್ರ್ಯಾಕಿನ ಪಕ್ಕ ಕೂರುವುದಿಲ್ಲ.

ಮನೆಗೆ ಬಂದು ಯೂಟ್ಯೂಬಿನಲ್ಲಿ ಪೆಂಡ್ರಿ ಹೆಸರು ಹುಡುಕಿದೆ. ಹಳೆಯ ವಿಡಿಯೋ, ಮಳೆ, ಮಂಜು. ಎಲ್ಲರೂ ಜಾರುತ್ತಿದ್ದಾರೆ, ಒಂದು ಹಸಿರು ಕಾರು ಮಾತ್ರ ಗೆರೆ ಎಳೆದ ಹಾಗೆ. ಇವರೇ! ನನ್ನ ಹತ್ತಿರ ಸ್ಟೇಪ್ಲರ್ ಪಿನ್ ಕೇಳುವ ಮನುಷ್ಯ. 1979ರಲ್ಲಿ ಇಂಗ್ಲೆಂಡಿನ ಆ ದೊಡ್ಡ ರೇಸ್ ಗೆದ್ದದ್ದರಿಂದಲೇ ಮುಂದೆ ಎಲ್ಲ. ಆಮೇಲೆ ಒಂದು ಹಳೆ ವ್ಯಾನ್, ಇಬ್ಬರು ಮೆಕ್ಯಾನಿಕ್, ಸ್ವಂತ ಟೀಮ್. ಅಲ್ಲಿಂದ ಇಲ್ಲಿಗೆ. ಮೂರು ಸಲ ನೋಡಿದೆ.

"ಮಮ್ಮಾ, ಯೂ ಆರ್ ಅಬ್ಸೆಸ್ಡ್" ಎಂದಳು ಡಿಂಪಲ್. ಹೌದು, ಎಂತ ಈಗ?

ನವೆಂಬರ್ 17, ಭಾನುವಾರ

ಇಗರ್ಜಿಗೆ ಹೋಗಲಿಲ್ಲ. ರೇಸ್. ಆರು ಗಂಟೆ, ಒಂದೂ ತಪ್ಪಿಲ್ಲ!! ಅಫಿಶಿಯಲ್ ಶೀಟಿನ ಜೊತೆ ಇಟ್ಟು ನೋಡಿದೆವು. ಸಾಲಿಗೆ ಸಾಲು. ಪೆಂಡ್ರಿ ನನ್ನ ಕೈ ಕುಲುಕಿದರು. ಸುಟ್ಟ ಕೈಯಿಂದ.

ಡಿಸೆಂಬರ್ 20, ಶುಕ್ರವಾರ

ಒಂದು ತಿಂಗಳಿನಿಂದ ಬರೆಯಲಾಗಲಿಲ್ಲ. ಕ್ರಿಸ್ಮಸ್, ಕುಸ್ವಾರ್ ತಿಂಡಿಗಳು, ಡಿಂಪಲಳ ಪ್ರಿಲಿಮ್ಸ್.

ಇವತ್ತು ಪೆಂಡ್ರಿ ಟೀಮಿನ ಹನ್ನೊಂದು ಜನರನ್ನೂ ನಿಲ್ಲಿಸಿ ಹೇಳಿದರು. ಜನವರಿಯಲ್ಲಿ ಯಾಸ್ ದ್ವೀಪದ ರೇಸ್ ಈ ಸೀಸನ್ನಿನ ಕೊನೆಯದು. ಮೊದಲ ಮೂರರೊಳಗೆ ಬಂದರೆ ಸ್ಪಾನ್ಸರ್ ಮುಂದಿನ ವರ್ಷವೂ ಇರುತ್ತಾನೆ. ಬಾರದಿದ್ದರೆ ಖಲಾಸ್. ಟೀಮ್ ಬಂದ್.

ಗಂಡ ಟ್ರೆವರ್ ತೀರಿಕೊಂಡ ಮೇಲೆ ಡಿಂಪಲಳ ವೀಸಾ ನನ್ನ ವೀಸಾದ ಮೇಲೆ. ಹನ್ನೆರಡನೆಯ ಕ್ಲಾಸಿನ ಬೋರ್ಡ್ ಎಗ್ಸಾಮ್ ಮಾರ್ಚಿನಲ್ಲಿ. ನನ್ನದು ಹೋದರೆ ಅವಳನ್ನು ಪರೀಕ್ಷೆಯ ಮಧ್ಯದಲ್ಲಿ ಎಬ್ಬಿಸಿಕೊಂಡು ಊರಿಗೆ ಹೊರಡಬೇಕು. ನಲವತ್ತೇಳಕ್ಕೆ ನನಗೆ ಹೊಸ ಕೆಲಸ ಯಾರಿಟ್ಟಿದ್ದಾರೆ?

ಮೂರನೆಯ ಸ್ಥಾನ. ಅಷ್ಟೇ ಬೇಕಾದ್ದು.

ಜನವರಿ 18, ಶನಿವಾರ, ಬೆಳಿಗ್ಗೆ 11.20 — ಯಾಸ್

ಪೆನ್ಸಿಲ್ ಆರು. ಟೋಪಿ, ನೀರು, ಪೃಥ್ವಿರಾಜ್ ತಂದ ಬನ್ಸ್. ನಮ್ಮ ಕಾರು 27. ಮೊದಲು ರಯಾನ್ ಓಡಿಸುತ್ತಾನೆ. ಹನ್ನೆರಡಕ್ಕೆ ಸ್ಟಾರ್ಟ್. ಎಂತಹ ದಿನ! ಆ ಕಾರುಗಳ ಸಾಲು ನೋಡಲು ಎರಡು ಕಣ್ಣು ಸಾಲದು.

ಅದೇ ದಿನ, ಸಂಜೆ 7 — ದುಬೈಗೆ ಹೋಗುವ ಬಸ್

ಕ್ರಮವಾಗಿ ಬರೆಯುತ್ತೇನೆ. ಇಲ್ಲದಿದ್ದರೆ ನನಗೇ ನಂಬಿಕೆ ಬಾರದು.

ಎರಡೂಕಾಲು ಗಂಟೆ ಕಳೆದಿತ್ತು. ಅರವತ್ತನಾಲ್ಕನೆಯ ಸುತ್ತು. ಸರಿಯಾಗಿ ನಮ್ಮೆದುರು ಒಂದು ಕಾರು ಗೋಡೆಗೆ ಬಡಿಯಿತು. ಬೆಂಕಿ. ಹೊಗೆ. ಡ್ರೈವರ್ ಹೊರಗೆ ಹಾರಿದ, ಬದುಕಿದ — ಅದು ಆಮೇಲೆ ಗೊತ್ತಾದದ್ದು. ಅದರ ತುಂಡು ಬಡಿದು ನಮ್ಮ ಕಾರಿನೊಳಗಿನ ಲೆಕ್ಕದ ಪೆಟ್ಟಿಗೆಯೂ, ಸುತ್ತು ಎಣಿಸುವ ಸಿಗ್ನಲ್ಲೂ ಸತ್ತುಹೋದವು. ಟಯರ್, ಪೆಟ್ರೋಲಿಗೆ ನಿಲ್ಲುವ ಮುಂದಿನ ಪಿಟ್‌ಸ್ಟಾಪಿನಲ್ಲಿ ಬೇರೆ ಹಾಕುವ ತನಕ 27 ಸ್ಕ್ರೀನಿನಲ್ಲಿ ಇಲ್ಲ.

ರೇಸ್ ಮುಗಿದಾಗ ಅವರ ಲೆಕ್ಕದಲ್ಲಿ ನಾವು ನಾಲ್ಕನೆಯವರು, ಒಂದು ಸುತ್ತು ಹಿಂದೆ. ಸಿಗ್ನಲ್ ಸತ್ತಿದ್ದಾಗ ನಾವು ಹಾಕಿದ್ದು ಆರು ಸುತ್ತಂತೆ. ನನ್ನ ಚಾರ್ಟಿನಲ್ಲಿ ಏಳು. ಏಳಾದರೆ ನಾವು ಮೂರನೆಯವರು. ಗೆರೆಯ ಕ್ಯಾಮೆರಾದಲ್ಲಿ ಅರವತ್ತನಾಲ್ಕರಲ್ಲಿ ಬರೀ ಹೊಗೆ. ಆ ಹೊಗೆಯಲ್ಲಿ ಗೆರೆ ದಾಟಿದನೋ, ಹಿಂದೆಯೇ ನಿಂತಿದ್ದನೋ ರಯಾನ್‌ನಿಗೂ ನೆನಪಿಲ್ಲ. ಇರುವುದು ನನ್ನ ಕಾಗದ ಒಂದೇ.

ಪೃಥ್ವಿರಾಜ್ ಕುಣಿದ. "ಪೆನ್ಸಿಲಿಗೆ ಜೈ! ಇನ್ನು ಜನ್ಮದಲ್ಲಿ ನಿಮಗೆ ಗೇಲಿ ಮಾಡುದಿಲ್ಲ ಮೆಟಿಲ್ಡಾಕ್ಕ!" ನಾಳೆ ಹತ್ತಕ್ಕೆ ಸ್ಟೀವರ್ಡ್‌ಗಳ ಮುಂದೆ ಹಾಜರಾಗಬೇಕು. ತೀರ್ಪು ಅವರದ್ದು.

ಈಗ ಯಾರಿಗೂ ಹೇಳದ್ದು. ಬೆಂಕಿ ಕಂಡ ಕೂಡಲೇ ನಾನು ಕಣ್ಣು ಮುಚ್ಚಿ ಖುರ್ಸಿನ, ಅಂದರೆ ಶಿಲುಬೆಯ, ಗುರುತು ಹಾಕಿದೆ. ಹಣೆ, ಎದೆ, ಎಡ ಭುಜ, ಬಲ ಭುಜ, ಆಮೆನ್. ಅಮ್ಮ ಕಲಿಸಿದ್ದು. ಆಂಬುಲೆನ್ಸ್ ಕಂಡರೂ ಹಾಕುತ್ತೇನೆ. ಕೈ ತಾನಾಗಿ ಹೋಗುತ್ತದೆ, ಕಣ್ಣು ತಾನಾಗಿ ಮುಚ್ಚುತ್ತದೆ. ಕಣ್ಣು ತೆರೆದಾಗ ಕಾರುಗಳು ಹೋಗಿಯಾಗಿತ್ತು, ಕೊನೆಯದಾಗಿ 41ರ ಬಾಲ ಕಂಡಿತು. ಅಷ್ಟು ಹೊತ್ತೂ ಪ್ರತಿ ಸಾಲಿನಲ್ಲಿ 8, 27, 41. ಹಾಗೇ ಬರೆದೆ. 8, 27, 41.

ನೋಡಿದ್ದಲ್ಲ. ಬರೆದದ್ದು.

ಜನವರಿ 19, ಭಾನುವಾರ, ಬೆಳಿಗ್ಗೆ 6.15

ಡಿಂಪಲಿಗೆ ಹೇಳಿದೆ. ಚಹಾ ಕುಡಿಯುತ್ತಾ ಕೇಳಿದಳು. "ಇಟ್ ಮಸ್ಟ್ ಹ್ಯಾವ್ ಪಾಸ್ಡ್, ಮಮ್ಮಾ. ಜಸ್ಟ್ ಸೇ ಯೆಸ್." ಹೋಗಿರಲೂಬಹುದು. ಹೋಗಿರಬೇಕು. ಅವಳ ಮುಖ ನೋಡಿದರೆ ಯೆಸ್ ಅನ್ನಲು ನಾಲಿಗೆಯ ತುದಿಗೆ ಬರುತ್ತದೆ. ಹನ್ನೊಂದು ಜನರ ಅನ್ನ. ನನ್ನ ಮಗಳ ವರ್ಷ. ಒಂದು ನಂಬರ್.

ವಾರ್ಡಿನಲ್ಲಿ ನೋಡದ ಜ್ವರ ಒಂದು ಸಲವೂ ಬರೆದವಳಲ್ಲ ನಾನು. ಹೆದರಿಕೆಯಾಗುತ್ತಿದೆ.

ಮಧ್ಯಾಹ್ನ 1.30

ಸ್ಟೀವರ್ಡ್‌ಗಳ ಕೋಣೆಯ ಹೊರಗೆ ಪೆಂಡ್ರಿ ಒಬ್ಬರೇ ಇದ್ದರು. ಹೇಳಿಬಿಟ್ಟೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಸುಲಭವಿತ್ತು.

ಅವರು ಗೋಡೆಗೆ ಒರಗಿದರು. ನಿಧಾನಕ್ಕೆ ಹೇಳಿದರು. 1979. ಆ ಮಳೆ. ಟೈಮ್‌ಕೀಪರ್‌ಗಳಿಗೆ ಲೆಕ್ಕ ತಪ್ಪಿ ಮೋರೀನ್‌ಳ ಚಾರ್ಟ್ ಕೇಳಿದರಂತೆ. ಅದರ ಪ್ರಕಾರ ಇವರು ಫಸ್ಟ್, ಕೆನ್ ಆಡ್ಲಿ ಎಂಬವನು ಸೆಕೆಂಡ್. ಸಂಜೆ ಆಕೆ ಗಂಡನ ಕಿವಿಯಲ್ಲಿ ಹೇಳಿದಳಂತೆ — ಒಂದು ಸುತ್ತು ನಾನು ಕೊಡೆ ಸರಿಮಾಡುತ್ತಿದ್ದೆ ರೋಜರ್, ನಿನ್ನ ನಂಬರ್ ನೋಡದೆ ಬರೆದೆ, ಹೋಗಿ ಹೇಳೋಣ.

"ಇರಲಿ ಬಿಡು ಅಂದೆ ನಾನು" ಎಂದರು ಪೆಂಡ್ರಿ. "ಅದಾದ ಮೇಲೆ ಅವಳು ಒಂದು ಜಾಗವನ್ನೂ ಊಹೆಯಿಂದ ತುಂಬಲಿಲ್ಲ. ಆ ಮಾತನ್ನೂ ಮತ್ತೆ ಎತ್ತಲಿಲ್ಲ. ಸಾಯುವ ತನಕ."

ಆ ಹಸಿರು ಕಾರು!

"ನಾನು ಏನು ಮಾಡಲಿ, ಸರ್?" ಎಂದೆ.

"ಚಾರ್ಟ್, ಅದನ್ನು ಬರೆದವರದ್ದು. ಅವತ್ತು ನಾನು ಅವಳ ಬಾಯಿ ಮುಚ್ಚಿಸಿದೆ. ಇವತ್ತು ನಿನಗೆ ಏನೂ ಹೇಳುವುದಿಲ್ಲ" ಎಂದು ಬಾಗಿಲು ತೆರೆದು ಹಿಡಿದರು.

ಒಳಗೆ ಮೂವರು. ನಡುವಿನ ಹೆಂಗಸು ಅರವತ್ತನಾಲ್ಕನೆಯ ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು, ಈ 27 ನೀನು ಕಣ್ಣಾರೆ ನೋಡಿದೆಯಾ?

"ಇಲ್ಲ, ಮೇಡಂ. ನಾನು ಪ್ರಾರ್ಥನೆ ಮಾಡುತ್ತಿದ್ದೆ."

ನಾಲ್ಕನೆಯ ಸ್ಥಾನ. ಎರಡು ನಿಮಿಷದಲ್ಲಿ ಮುಗಿಯಿತು.

ಹೊರಗೆ ಪೃಥ್ವಿರಾಜ್ ಮುಖ ತಿರುಗಿಸಿ ಹೋದ. ನಮ್ಮ ಟಯರ್ ಹುಡುಗ ನೌಶಾದ್ ಗಾಡಿ ತಳ್ಳುತ್ತಾ ಅಳುತ್ತಿದ್ದ, ಅವನ ಹೆಂಡತಿಗೆ ದಿನ ತುಂಬಿದೆ. ನಾನು ಮಾಡಿದ್ದು ಸರಿ ಎಂದು ಯಾರೂ ಹೇಳಲಿಲ್ಲ. ನನಗೂ ಹೇಳಿಕೊಳ್ಳಲಾಗಲಿಲ್ಲ.

ಜನವರಿ 27, ಸೋಮವಾರ

ಎಂಟು ದಿನ ಯಾರೂ ಸರಿಯಾಗಿ ಮಾತಾಡಲಿಲ್ಲ. ಇವತ್ತು ಪೃಥ್ವಿರಾಜ್ ಚಾ ತಂದು ಮೇಜಿನ ಮೇಲೆ ಕುಕ್ಕಿದ. "ನನಗೆ ಪಿತ್ತ ನೆತ್ತಿಗೇರಿದ್ದು ಹೌದು ಮಾರಾಯ್ರೇ. ಸುಳ್ಳು ಯಾಕೆ? ಆದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ಯೆಸ್ ಹೇಳ್ತಿದ್ದೆ. ಮತ್ತೆ ಜನ್ಮವಿಡೀ ಅದನ್ನೇ ತಿನ್ಬೇಕಿತ್ತು." ಅವನಿಗೆ ಮದೀನತ್ ಜಾಯೆದ್‌ನಲ್ಲಿ ಆಯಿಲ್ ಕಂಪನಿಯ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿದೆ. ನೌಶಾದ್‌ನನ್ನೂ ಕರೆದುಕೊಂಡು ಹೋಗುತ್ತಾನಂತೆ. ಪೃಥ್ವಿರಾಜನ ಕೈ ಹಿಡಿದುಕೊಂಡು ಅತ್ತುಬಿಟ್ಟೆ.

ಸಂಜೆ ಪೆಂಡ್ರಿ: ಕಾರು, ಸಾಮಾನು ಮಾರಿ ಮುಗಿಸಲು ಮೇ ತನಕ ಬೇಕು. ಅಲ್ಲಿವರೆಗೆ ಕಂಪನಿ ಇರಬೇಕು, ಆಫೀಸಿಗೆ ನೀನು ಇರಬೇಕು. "ಮಗಳಿಗೆ ಹೇಳು, ಓದಲಿ."

ಡಿಂಪಲ್ ನನ್ನನ್ನು ತಬ್ಬಿಕೊಂಡಳು. ಆಮೇಲೆ ಪುಸ್ತಕ ತೆರೆದು ಕೂತಳು. ಮೇ ಆದ ಮೇಲೆ? ದೇವರಿದ್ದಾನೆ.

ಫೆಬ್ರವರಿ 4, ಮಂಗಳವಾರ

ಪೆಂಡ್ರಿ ಒಂದು ಪತ್ರ ಟೈಪ್ ಮಾಡಿಸಿದರು. ಆ ರೇಸ್ ನಡೆಸಿದ ಇಂಗ್ಲೆಂಡಿನ ಹಳೆ ಕ್ಲಬ್ಬಿಗೆ. "1979ರ ರೇಸಿನಲ್ಲಿ ನಾನು ಅಷ್ಟು ಸುತ್ತು ಪೂರ್ತಿ ಮಾಡಿದ್ದೇನೆಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲವೆಂದು ನನಗೆ ಅವತ್ತೇ ಗೊತ್ತಿತ್ತು. ತಪ್ಪು ನನ್ನದು, ನನ್ನ ಹೆಂಡತಿಯದ್ದಲ್ಲ. ದಯವಿಟ್ಟು ಪುಸ್ತಕದಿಂದ ನನ್ನ ಹೆಸರು ತೆಗೆದು ಕೆನ್ ಆಡ್ಲಿಯ ಹೆಸರು ಬರೆಯಿರಿ."

ನಾನು ಟೈಪ್ ಮಾಡುವುದು ನಿಲ್ಲಿಸಿದೆ. ಸರ್, ಎಲ್ಲರಿಗೂ ಗೊತ್ತಾಗುತ್ತದಲ್ಲ, ಎಂದೆ. ನಿಮ್ಮನ್ನು ಜನ ನೋಡುವುದು ಆ ಒಂದು ರೇಸಿನಿಂದ.

"ಟೈಪ್ ಮಾಡು, ಮೆಟಿಲ್ಡಾ."

ಮಳೆಯಲ್ಲಿ ಓಡಿಸಿದ್ದಕ್ಕಿಂತ ಇದು ದೊಡ್ಡದು. ಅವರಿಗೆ ಹೇಳಲು ಧೈರ್ಯ ಬರಲಿಲ್ಲ. ಇಲ್ಲಿ ಬರೆಯುತ್ತೇನೆ: ಇಂತಹ ಮನುಷ್ಯನನ್ನು ನಾನು ನೋಡಿಲ್ಲ.

ಫೆಬ್ರವರಿ 11, ಮಂಗಳವಾರ, ಮಧ್ಯಾಹ್ನ 3.05

ಈಗಷ್ಟೇ. ಮರೆಯುವ ಮೊದಲು ಬರೆಯುತ್ತೇನೆ.

ಆಫೀಸಿನ ಫೋನ್. +44. ಯಾರೋ ಬಿಡಿಭಾಗ ಕೇಳುವವರು ಎಂದುಕೊಂಡು ಎತ್ತಿದೆ. ಆ ಕಡೆ ಮುದುಕರ ದನಿ, ಗೊರ ಗೊರ ಉಸಿರು. "ನಾನು ಕೆನ್ ಆಡ್ಲಿ. ರೋಜರ್ ಇದ್ದಾನಾ?"

ರಿಸೀವರ್ ಮುಚ್ಚಿ ಹೆಸರು ಹೇಳಿದೆ. ಪೆಂಡ್ರಿ ಟಯರ್ ಪಟ್ಟಿ ನೋಡುತ್ತಿದ್ದವರು ಎದ್ದು ನಿಂತರು. ಕೋಟಿನ ಗುಂಡಿ ಹಾಕಿಕೊಂಡರು — ಆ ಮನುಷ್ಯ ಎದುರಿಗೇ ಬಂದಂತೆ. ಎರಡೂ ಕೈಯಲ್ಲಿ ರಿಸೀವರ್ ಹಿಡಿದರು.

"ಕೆನ್" ಎಂದರು. ಆಮೇಲೆ ತುಂಬಾ ಹೊತ್ತು ಕೇಳಿಸಿಕೊಂಡರು. ಮುಖ ಕೆಂಪಾಯಿತು, ಕಣ್ಣು ತುಂಬಿತು. ನಾನು ಎದ್ದು ಹೊರಗೆ ಹೋಗಲು ನೋಡಿದೆ, ಕೈಸನ್ನೆಯಿಂದ ಕೂರಿಸಿದರು. ಕೊನೆಗೆ ನನ್ನ ಪ್ರಾರ್ಥನೆಯ ಕತೆ ಹೇಳಿ, ರಿಸೀವರ್ ನನ್ನ ಕಡೆ ಚಾಚಿ, "ನಿನ್ನ ಹತ್ತಿರ ಮಾತಾಡಬೇಕಂತೆ" ಎಂದರು.

"ನೀನೇನಾ," ಎಂದರು ಮುದುಕರು, "ಪ್ರಾರ್ಥನೆ ಮಾಡುತ್ತಿದ್ದವಳು? ನಲವತ್ತಾರು ವರ್ಷ ಅಮ್ಮಾ, ಆ ರೇಸ್ ಗೆದ್ದವನು ನಾನೇ ಎಂದು ಮನೆಯಲ್ಲಿ ಹೇಳುತ್ತಾ ಬಂದೆ. ನನ್ನ ಹೆಂಡತಿಯೂ ನಂಬಲಿಲ್ಲ. ಈಗ ಅವಳು ಪಕ್ಕದಲ್ಲೇ ಕೂತಿದ್ದಾಳೆ. ಒಂದು ಸಲ ನೀನೇ ಅವಳಿಗೆ ಹೇಳ್ತೀಯಾ?"

ಅವರು ಫೋನ್ ಕೊಟ್ಟರು. ಒಬ್ಬ ಹೆಂಗಸಿನ ಉಸಿರು ಕೇಳಿಸಿತು. ನಾನು ನೋಡಿದ್ದಲ್ಲ ಮೇಡಂ, ಟೈಪ್ ಮಾಡಿದ್ದು ಎಂದೆ; ಆ ಪತ್ರದ ಪ್ರತಿ ತೆಗೆದು ಸಾಲಿಗೆ ಸಾಲು ಓದಿದೆ.