ಹತ್ತಿಕಾಳಿನ ಎಣ್ಣೆ ಕುಡಿದ ಸ್ಕೂಟರ್

ರಾಯಚೂರು
ತಾ. 14-11-1981, ಶನಿವಾರ

ಪ್ರೀತಿಯ ಚನ್ನಮಲ್ಲೀ,

ಆರಾಮಾಗಿದ್ದೀಯಾ? ಕೂಸು ಹೇಗಿದೆ? ಹೋದ ತಿಂಗಳು ನಿನಗೆ ಚಳಿಜ್ವರ ಬಂದಿತ್ತಂತೆ. ಈಗ ಪೂರ್ತಿ ಬಿಟ್ಟಿದೆಯೋ ಇಲ್ಲವೋ? ಡಾಕ್ಟರು ಕೊಟ್ಟ ಮಾತ್ರೆಗಳನ್ನೆಲ್ಲ ನುಂಗಿದೆಯೋ, ಜ್ವರ ಇಳಿದ ದಿನವೇ ಉಳಿದವನ್ನು ಗೋಡೆಯ ಮಾಡದಲ್ಲಿಟ್ಟು ಮರೆತೆಯೋ? ನಿನ್ನ ಸ್ವಭಾವ ನನಗೆ ಗೊತ್ತಿಲ್ಲವೇ. ಇದನ್ನೆಲ್ಲ ಯಾರು ಹೇಳಿದರು ಎಂದು ಹುಬ್ಬು ಗಂಟಿಕ್ಕಬೇಡ. ಈಗ ಹತ್ತಿ ಬರುವ ಕಾಲ. ನಿಮ್ಮ ಚೀಕಲಪರ್ವಿ ಕಡೆಯ ಗಾಡಿಗಳು ಮಿಲ್ಲಿಗೆ ಬಂದಾಗ ತೂಕ ಬರೆದುಕೊಳ್ಳುವ ಗುಮಾಸ್ತ ನಾನೇ ತಾನೆ. ನಿನ್ನ ಸುದ್ದಿ ಕೇಳಲು ಬಾಯಿ ಬರುವುದಿಲ್ಲ. ಅದಕ್ಕೆ "ಹೊಳ್ಯಾಗ ನೀರು ಎಷ್ಟದರೀ" ಎಂದು ಕೇಳುತ್ತೇನೆ. ಅವರು ಹೊಳೆಯಿಂದ ಶುರು ಮಾಡಿ ಊರೆಲ್ಲ ಸುತ್ತಿ ಬರುವಾಗ ಒಮ್ಮೊಮ್ಮೆ ನಿಮ್ಮ ಮನೆಯ ಮುಂದೂ ಹಾದು ಬರುತ್ತಾರೆ. ಹೀಗಾಗಿ ಈ ವರ್ಷ ತುಂಗಭದ್ರೆಯ ನೀರಿನ ಮಟ್ಟ ನನಗೆ ತಿಳಿದಷ್ಟು ಯಾವ ಇಂಜಿನಿಯರಿಗೂ ತಿಳಿದಿರಲಾರದು.

ಇಲ್ಲಿ ನಾನು ಕ್ಷೇಮ. ಅವ್ವನಿಗೆ ಮೊಣಕಾಲು ನೋವು ಬಿಟ್ಟರೆ ಬೇರೆ ತೊಂದರೆಯಿಲ್ಲ. ರೊಟ್ಟಿ ಬಡಿಯುವಾಗ ಈಗಲೂ ಎರಡು ಹೆಚ್ಚಿಗೆ ಬಡಿಯುತ್ತಾಳೆ, ಆಮೇಲೆ ನೆನಪಾಗಿ ಬುಟ್ಟಿಗೆ ಹಾಕಿ ಮುಚ್ಚಿಡುತ್ತಾಳೆ. ದೇವದುರ್ಗದ ಅಕ್ಕ ನನ್ನ ಜೊತೆ ಮಾತು ಬಿಟ್ಟು ಏಳು ತಿಂಗಳಾಯಿತು. ತೊಟ್ಟಿಲ ಕಾರ್ಯಕ್ಕೆ ನಿಮ್ಮ ಮನೆಯಿಂದ ಕಾರ್ಡು ಬಂದಾಗ, ಮನುಷ್ಯರನ್ನು ಕಳಿಸದೆ ಅಂಚೆಯಲ್ಲಿ ಕರೆಯುತ್ತಾರೆಯೇ ಎಂದು ನಾನೂ ಬರಲಿಲ್ಲ, ಹೊಸ ಸೀರೆ ಉಟ್ಟು ಹೊರಟು ನಿಂತಿದ್ದ ಅವಳನ್ನೂ ಬಿಡಲಿಲ್ಲ. "ಸೋದರತ್ತಿ ನಾ. ನಾನ ಇಲ್ಲದ ಎಂಥಾ ತೊಟ್ಟಿಲೋ ಅದು" ಎಂದು ಬಸ್ಸು ಹತ್ತಿದವಳು ಇನ್ನೂ ಈ ಕಡೆ ಮುಖ ಹಾಕಿಲ್ಲ. ಪಕ್ಕದ ಮನೆಯ ಗುಲ್ಶನ್ ಬೇಗಂ ಮಾತ್ರ ಪ್ರತಿ ಶುಕ್ರವಾರ ತಪ್ಪದೆ ನಿನ್ನನ್ನು ಕೇಳುತ್ತಾರೆ. ನಾನು ಪ್ರತಿ ಶುಕ್ರವಾರ "ಬರ್ತಾಳ್ರೀ, ಬರೋ ತಿಂಗಳ" ಎನ್ನುತ್ತೇನೆ. ಈಗ ಅವರೂ ನಂಬುವುದನ್ನು ಬಿಟ್ಟಿದ್ದಾರೆ.

ಈಗ ಸುದ್ದಿಗೆ ಬರುತ್ತೇನೆ. ನಿಮ್ಮಪ್ಪ ಮದುವೆಯಲ್ಲಿ ಕೊಟ್ಟ ಲ್ಯಾಂಬ್ರೆಟಾ ಸ್ಕೂಟರ್ ನಡೆಯುತ್ತಿದೆ. ಎರಡನೇ ಕಿಕ್ಕಿಗೆ ಚಾಲೂ ಆಗುತ್ತದೆ, ಓರೆ ಮಾಡಿ ಅಲುಗಿಸುವುದು ಬೇಡ, ನಾಲ್ಕು ಮಂದಿಯನ್ನು ಕರೆದು ದೂಡಿಸುವುದೂ ಬೇಡ. ನೀನು ಹೋದಾಗಿನಿಂದ ಅದು ಹಿತ್ತಲಿನ ತಗಡಿನ ಚಪ್ಪರದಲ್ಲಿ ಗೋಣಿಚೀಲ ಹೊದ್ದುಕೊಂಡು ನಿಂತಿತ್ತು. ಈ ದೀಪಾವಳಿಯ ಪಾಡ್ಯದ ದಿನ ಓಣಿಯವರೆಲ್ಲ ಸೈಕಲ್ಲು, ಮೋಟಾರು ತೊಳೆದು ಪೂಜೆ ಮಾಡುವಾಗ ನಾನು ಒಬ್ಬನೇ ಕೈಕಟ್ಟಿ ನಿಂತಿದ್ದೆ. ಯಾಕೋ ಹೋಗಿ ಗೋಣಿ ಸರಿಸಿದೆ. ಕಾಲಿಡುವ ಜಾಗದಲ್ಲಿ ಗುಲ್ಶನ್ ಬೇಗಂ ಅವರ ಕೋಳಿ ಕಾವಿಗೆ ಕೂತಿತ್ತು! ಅದು ನನ್ನನ್ನು ನೋಡಿದ ರೀತಿಯಲ್ಲೇ ಗೊತ್ತಾಯಿತು, ಗಾಡಿ ಈಗ ಯಾರದೆಂದು. ಮರಿಗಳು ಹೊರಬರುವವರೆಗೆ ನಾಲ್ಕು ದಿನ ತಡೆದು, ಆಮೇಲೆ ಗಾಡಿಯನ್ನು ದೂಡಿಕೊಂಡು ಸ್ಟೇಷನ್ ಕಡೆ ನಡೆದೆ.

ಸ್ಟೇಷನ್ ಹತ್ತಿರ ರಂಜಾನಬಿಯ ಶೆಡ್ಡು ಇದೆ. ಗಂಡ ಮೆಕ್ಯಾನಿಕ್ ಆಗಿದ್ದ, ತೀರಿಕೊಂಡು ವರ್ಷದ ಮೇಲಾಯಿತು. ಈಗ ಕೆಲಸ ಮಾಡುವವನು ಮಗ, ಮಾಡಿಸುವವಳು ಆಕೆ. ಬಾಗಿಲಲ್ಲಿ ಒಂದು ತಗಡಿನ ಪೆಟ್ಟಿಗೆಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತ, ಇಂಜಿನ್ ಸದ್ದು ಕೇಳಿಯೇ ಎಲ್ಲಿ ನೋವಿದೆ ಎಂದು ಹೇಳುತ್ತಾಳೆ. ನನ್ನ ಗಾಡಿಗೆ ಸದ್ದೇ ಇರಲಿಲ್ಲವಲ್ಲ. ಎದ್ದು ಬಂದು ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದಳು. ಮತ್ತೊಮ್ಮೆ ಮೂಸಿದಳು. "ಬೇಟಾ, ಇದರಾಗ ಏನ್ ಹಾಕ್ತಿದ್ದಿ? ಹತ್ತಿಕಾಳಿನ ಎಣ್ಣಿ ವಾಸನಿ ಬರಾಕತ್ತದ!"

ಇಲ್ಲಿ ನಾನು ಒಂದು ಮಾತು ಒಪ್ಪಿಕೊಳ್ಳಬೇಕು. ಈ ಗಾಡಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಹಾಕಬೇಕು. ಅದಕ್ಕೆಂದೇ ಬೇರೆ ಎಣ್ಣೆ ಬಂಕಿನಲ್ಲಿ ಇರುತ್ತದೆ. ಆ ಕರಿ ಎಣ್ಣೆ ನೋಡಿ ನನಗೆ ಅಸಹ್ಯವಾಗಿತ್ತು. ನಮ್ಮ ಮಿಲ್ಲಿನಲ್ಲಿ ಬಂಗಾರದ ಬಣ್ಣದ ಎಣ್ಣೆ ಸೋರುತ್ತಿರುವಾಗ ಇದು ಯಾಕೆ, ಎಣ್ಣೆ ಎಂದ ಮೇಲೆ ಎಣ್ಣೆಯೇ ಅಲ್ಲವೇ ಎಂದು ಮೊದಲ ತಿಂಗಳಿನಿಂದಲೇ ಹತ್ತಿಕಾಳಿನ ಎಣ್ಣೆ ಬೆರೆಸುತ್ತಿದ್ದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ರಂಜಾನಬಿ ಕೇಳಿ ಹಣೆ ಬಡಿದುಕೊಂಡಳು. "ಗಾಡಿ ಅಂದ್ರ ಭಜಿ ಕರಿಯೋ ಬಾಣಲಿ ಅನ್ಕೊಂಡಿಯೇನೋ? ಗಾಡಿದು ಏನೂ ತಪ್ಪಿಲ್ಲ. ತಪ್ಪೆಲ್ಲ ಹ್ಯಾಂಡಲ್ ಹಿಡಿದವಂದು." ನಾಲ್ಕು ಮಂದಿ ಗಿರಾಕಿಗಳು ನಕ್ಕರು. ನಾನೂ ನಕ್ಕೆ, ಆದರೆ ನನಗೆ ಹೋದ ವರ್ಷದ ದೀಪಾವಳಿ ನೆನಪಾಯಿತು. ಅಳಿಯತನಕ್ಕೆ ನಿಮ್ಮೂರಿಗೆ ಹೊರಟಾಗ ನೀರಮಾನ್ವಿ ದಾಟಿದ ಮೇಲೆ ಗಾಡಿ ಗಕ್ಕನೆ ನಿಂತಿತು. ಐದು ತಿಂಗಳ ಬಸುರಿ ನೀನು ಸುಡುವ ಬಿಸಿಲಿನಲ್ಲಿ ಸೇತುವೆಯ ಕಟ್ಟೆಯ ಮೇಲೆ ಕೂತಿದ್ದೆ. ನಾನು ಕಿಕ್ ಹೊಡೆಯುತ್ತ, ಹೊಡೆದಷ್ಟು ಸಲವೂ ನಿಮ್ಮಪ್ಪನನ್ನು ಬೈದೆ. ಮುದುಕ ಮೋಸ ಮಾಡಿದ ಎಂದೆ. ನೀನು ಸೆರಗಿನಿಂದ ಮುಖ ಒರೆಸಿಕೊಂಡು ಹೊಲದ ಕಡೆ ನೋಡುತ್ತ ಕೂತೆ. ಅಂದು ಗಾಡಿ ನಿಂತದ್ದು ನಿಮ್ಮಪ್ಪನಿಂದಲ್ಲ, ನನ್ನ ಎಣ್ಣೆಯಿಂದ.

ಆರು ದಿನ ಕೆಲಸ ನಡೆಯಿತು. ಮಿಲ್ಲು ಬಿಟ್ಟ ಕೂಡಲೇ ಹೋಗಿ ನಾನೂ ಕೈ ಹಾಕುತ್ತಿದ್ದೆ. ನಾನು ಹಾಕಿದ ಎಣ್ಣೆ ಸುಟ್ಟು, ಅಂಟಾಗಿ, ಕರ್ರಗೆ ಗಟ್ಟಿಯಾಗಿ ಪಿಸ್ಟನ್ನಿನ ತಲೆಯ ಮೇಲೆ ಬೆರಳಿನ ದಪ್ಪ ಕೂತಿತ್ತು. ಅದನ್ನು ಮುರಿದ ಗರಗಸದ ಅಲಗಿನಿಂದ ಕೆರೆಯುವ ಕೆಲಸ ನನಗೇ ಕೊಟ್ಟಳು. "ನೀ ಹಚ್ಚಿದ್ದು, ನೀನ ಕೆರಿ" ಎಂದಳು. ಸೈಲೆನ್ಸರ್ ಬಿಚ್ಚಿ ಭತ್ತದ ಹೊಟ್ಟಿನ ಬೆಂಕಿಯಲ್ಲಿ ಹುಗಿದಾಗ ಎದ್ದ ಹೊಗೆಗೆ ಆಟೋದವರು ತಮ್ಮ ಗಾಡಿಗಳನ್ನು ಆಚೆ ಒಯ್ದರು. ನಾನು ಮಾತ್ರ ಅಲ್ಲೇ ನಿಂತೆ. ಮದುವೆಯಾದ ಹೊಸದರಲ್ಲಿ ಇದೇ ವಾಸನೆ ನಿನ್ನ ಸೀರೆಗೆ ಹತ್ತಿರುತ್ತಿತ್ತು. "ನಿಮ್ಮ ಗಾಡಿ ಮ್ಯಾಲ ಕುಂತ್ರ ಖಾನಾವಳ್ಯಾಗ ಕುಂತಂಗ ಆಗ್ತದ" ಎಂದು ನೀನು ಮೂಗು ಮುಚ್ಚಿ ನಗುತ್ತಿದ್ದೆ. ಚನ್ನಮಲ್ಲೀ, ಆ ಹೊಗೆಯಲ್ಲಿ ನನ್ನ ಕಣ್ಣಿನಲ್ಲಿ ನೀರು ಬಂತು. ಹೊಗೆಯಿಂದ ಬಂತು ಎಂದು ಅವರಿಗೆ ಹೇಳಿದೆ. ನಿನಗೆ ಹಾಗೆ ಹೇಳುವುದಿಲ್ಲ.

ಮೂರನೆಯ ದಿನವೋ ನಾಲ್ಕನೆಯ ದಿನವೋ ರಂಜಾನಬಿ ಗಾಡಿಯ ಎಡಗಡೆ ಬಂದು, ಹಿಂದೆ ಕೂತವರು ಕಾಲಿಡುವ ತಗಡಿನ ಮೆಟ್ಟಿಲನ್ನು ಕೈಯಿಂದ ಒರೆಸಿ ನೋಡಿದಳು. "ಇದು ನಮ್ಮ ಮನಿಯವರು ಬೆಸುಗಿ ಹಾಕಿದ್ದು" ಎಂದಳು. ಆಮೇಲೆ ಒಂದೊಂದೇ ಹೇಳಿದಳು. ನಮ್ಮ ಮದುವೆಗೆ ಮೊದಲು ಈ ಗಾಡಿ ಅವರ ಶೆಡ್ಡಿನಲ್ಲಿದ್ದಾಗ, ವಿಭೂತಿ ಹಚ್ಚಿದ ಒಬ್ಬ ಯಜಮಾನರು, ಶರಣಯ್ಯ ಎಂದು ಹೆಸರು, ಹೊಳೆಯ ಕಡೆಯವರು, ಬಗಲಲ್ಲಿ ಬುತ್ತಿ ಕಟ್ಟಿಕೊಂಡು ದಿನಾ ಬಸ್ಸಿನಲ್ಲಿ ಬಂದು ಈ ಗಾಡಿಯ ಮುಂದೆ ಕೂತಿರುತ್ತಿದ್ದರಂತೆ. ಇಂಜಿನ್ ಬಗ್ಗೆ ಅವರಿಗೆ ಏನೂ ತಿಳಿಯದು, ಕೇಳಿದ್ದು ಬ್ರೇಕ್ ಒಂದನ್ನೇ. "ಓಡದಿದ್ರೂ ನಡೀತದ, ನಿಲ್ಲಬೇಕು ಅಂದಾಗ ನಿಲ್ಲಬೇಕು. ಹಿಂದ ನನ್ನ ಮಗಳು ಕುಂದರತಾಳ" ಎನ್ನುತ್ತಿದ್ದರಂತೆ. ಒಂದು ದಿನ ಅಂಗಿಯ ಕಿಸೆಯಿಂದ ಗಂಟು ಹಾಕಿದ ದಾರ ತೆಗೆದು ಕೊಟ್ಟರಂತೆ. ನೀನು ಮಂಚದ ಮೇಲೆ ಕೂತಾಗ ಮೊಣಕಾಲಿನಿಂದ ಪಾದದವರೆಗಿನ ಅಳತೆ. ಮೆಟ್ಟಿಲು ಸೀಟಿನಿಂದ ಅಷ್ಟೇ ಕೆಳಗಿರಲಿ, ಕಾಲು ಜೋತು ಬೀಳಬಾರದು ಎಂದು. ಆ ಅಳತೆ ಯಾವಾಗ ತೆಗೆದರು, ನಿನಗಾದರೂ ಗೊತ್ತಿತ್ತೇ? ಆರು ತಿಂಗಳು ಆ ಗಾಡಿ ಓಡಿಸಿದೆ, ಆ ಮೆಟ್ಟಿಲು ಕಂಪನಿಯವರೇ ಕೂಡಿಸಿದ್ದು ಎಂದುಕೊಂಡಿದ್ದೆ.

ಮತ್ತೊಂದು ಮಾತನ್ನೂ ಆಕೆಯೇ ಹೇಳಿದಳು. ಹಳೆಯ ಗಾಡಿಗೆ ಹೊಸ ಬಣ್ಣ ಹಚ್ಚಿಸುವುದು ನಿಮ್ಮಪ್ಪನಿಗೆ ಇಷ್ಟವಿರಲಿಲ್ಲವಂತೆ. "ಬೀಗರ ಮನಿಯಾಗ ಹೇಳ್ಯಾರ, ಹಚ್ಚಿಬಿಡ್ರಿ" ಎಂದರಂತೆ. ನಾನು ಮನೆಗೆ ಬಂದು ಅವ್ವನನ್ನು ಕೇಳಿದೆ. ಅಕ್ಕಿಯಲ್ಲಿ ಹರಳು ಆರಿಸುತ್ತಲೇ ಅವಳು ಎಲ್ಲ ಹೇಳಿದಳು. ಹೊಸದಕ್ಕೆ ಹೆಸರು ಬರೆಸಿದರೆ ಏಳೆಂಟು ವರ್ಷ ಕಾಯಬೇಕು, ಹಳೆಯದನ್ನೇ ಗಟ್ಟಿ ಮಾಡಿಸಿ ಕೊಡುತ್ತೇನೆ ಎಂದು ಮಾವನವರು ಮದುವೆಗೆ ಮೊದಲೇ ಅವಳಿಗೆ ಬಿಚ್ಚಿ ಹೇಳಿದ್ದರು. ಮಂದಿಯ ಕಣ್ಣಿಗೆ ಹೊಸದಾಗಿ ಕಾಣುವ ಹಾಗೆ ಬಣ್ಣ ಹಚ್ಚಿಸಿರಿ, ಮಗನ ಮುಂದೆ ಏನೂ ಅನ್ನಬೇಡಿರಿ ಎಂದವಳು ಅವ್ವ. "ಅಕಿಗೂ ಗೊತ್ತಿತ್ತಪ್ಪ, ನಾನ ಬಾಯಿ ಮುಚ್ಚಿಸಿದ್ದೆ" ಎಂದಳು.

ನಿನಗೆ ಗೊತ್ತಿತ್ತು! ಮಿಲ್ಲಿನ ಗೇಟಿನಲ್ಲಿ ಒಬ್ಬ ಉಗುರಿನಿಂದ ಕೆರೆದು, ನೀಲಿ ಬಣ್ಣದ ಕೆಳಗಿನ ಹಳೆಯ ಹಸಿರು ಬಣ್ಣವನ್ನು ಎಲ್ಲರಿಗೂ ತೋರಿಸಿ ನಕ್ಕ ದಿನ, ನಾನು ಉರಿದುಕೊಂಡು ಮನೆಗೆ ಬಂದೆನಲ್ಲ, ಅಂದು ನೀನು ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಅವ್ವ ಪಕ್ಕದಲ್ಲೇ ನಿಂತಿದ್ದಳು, ಅದಕ್ಕೆ ನೀನು ಹೇಳಲಿಲ್ಲ. ಅವಳೂ ಹೇಳಲಿಲ್ಲ. ನಾನು ಮಾತ್ರ ಹೇಳಿದೆ. "ನಿಮ್ಮಪ್ಪ ಬಣ್ಣ ಹಚ್ಚಿ ಸಾಗಹಾಕಿದ್ದು ಸ್ಕೂಟರ್ ಒಂದ ಏನು?" ಎಂದೆ. ಈ ವಾಕ್ಯವನ್ನು ಇಲ್ಲಿ ಬರೆಯಬಾರದು ಎಂದುಕೊಂಡೇ ಪತ್ರ ಶುರು ಮಾಡಿದ್ದೆ. ಆದರೆ ಅದನ್ನು ಬರೆಯದೆ ತಪ್ಪಾಯಿತು ಎಂದರೆ ಯಾವುದಕ್ಕೆ ಎಂದು ನೀನು ಕೇಳುತ್ತೀಯೆ. ಇದಕ್ಕೆ. ತಪ್ಪಾಯಿತು. ಮರುದಿನ ಬೆಳಿಗ್ಗೆ ನೀನು ಬಸ್ ಸ್ಟ್ಯಾಂಡಿಗೆ ನಡೆದು ಹೋಗುವಾಗ ನಾನು ಮೂಲೆಯವರೆಗೆ ಹಿಂದೆ ಬಂದಿದ್ದೆ. ನೀನು ತಿರುಗಿ ನೋಡುತ್ತೀಯೆ ಎಂದು ನಾನು, ನಾನು ಕೂಗುತ್ತೇನೆ ಎಂದು ನೀನು, ಹೀಗೆ ಒಂದು ವರ್ಷ ಕಳೆಯಿತು.

ಹೋದ ಭಾನುವಾರ ಗಾಡಿಯನ್ನು ದೂರ ಓಡಿಸಿ ನೋಡೋಣ ಎಂದು ಮಾನ್ವಿಯವರೆಗೆ ಹೋಗಿದ್ದೆ. ಬಂಕಿನ ಎಣ್ಣೆಯನ್ನೇ ಹಾಕಿಸಿದ್ದೆ, ನಗಬೇಡ. ಎಲ್ಲೂ ನಿಲ್ಲಲಿಲ್ಲ, ಹೊಗೆಯೂ ಇಲ್ಲ, ಏರಿನಲ್ಲಿ ಎರಡನೇ ಗೇರಿಗೆ ಇಳಿಸುವುದೂ ಬೇಕಾಗಲಿಲ್ಲ. ಆದರೆ ಹಿಂದಿನ ಸೀಟು ಖಾಲಿ ಇದ್ದರೆ ಈ ಗಾಡಿ ನೆಟ್ಟಗೆ ಹೋಗುವುದಿಲ್ಲ ಎನಿಸಿತು. ನೀರಮಾನ್ವಿಯ ಹತ್ತಿರ ರಸ್ತೆ ಕಿತ್ತುಹೋದ ಕಡೆ "ಗಟ್ಟಿ ಹಿಡಕೋ" ಎಂದು ಕೂಗಿಬಿಟ್ಟೆ. ಎದುರಿಗೆ ಬರುತ್ತಿದ್ದ ಕುರಿಯವನು ತನ್ನ ಕೋಲನ್ನು ಗಟ್ಟಿಯಾಗಿ ಹಿಡಿದುಕೊಂಡ. ಇದನ್ನು ಓದಿ ನೀನು ನಕ್ಕರೆ ಸಾಕು ಎಂದು ಬರೆಯುತ್ತಿದ್ದೇನೆ. ಮಾನ್ವಿ ಬಸ್ ಸ್ಟ್ಯಾಂಡಿನಲ್ಲಿ ಒಂದು ಚಹಾ ಕುಡಿದು, ಗಾಡಿ ಸರಿಯಿದೆ ಎಂದು ಖಾತ್ರಿಯಾದ ಮೇಲೆ ತಿರುಗಿ ಬಂದೆ.

ಮಾವನವರ ಕಾಲಿಗೆ ನನ್ನ ನಮಸ್ಕಾರ ಮುಟ್ಟಿಸು. ಅತ್ತೆಯವರಿಗೂ ಹೇಳು. ಅವ್ವ ನಿನಗೆ ಏನೋ ಬರೆಸಬೇಕೆಂದು ಬಂದು ಕೂತಿದ್ದಳು, ಆಮೇಲೆ "ಎದುರಿಗೆ ಹೇಳ್ತೀನಿ ಬಿಡು" ಎಂದು ಎದ್ದು ಹೋದಳು. ಕೂಸಿಗೆ ನನ್ನ ಮುತ್ತುಗಳು. ನಿನಗೆ ಆಶೀರ್ವಾದ ಎಂದು ಬರೆಯಲು ಕೈ ಬರುತ್ತಿಲ್ಲ. ನಿನ್ನನ್ನು ನೋಡಬೇಕು ಎನಿಸುತ್ತದೆ, ದಿನಾ ಎನಿಸುತ್ತದೆ, ಅಷ್ಟೇ.

ನಿನ್ನ ದಾರಿ ಕಾಯುವ
ಮಹಾಂತಯ್ಯ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಅಂಚೆ ತೆಗೆಯುವ ಹೊತ್ತಾಯಿತು, ಅಕ್ಷರ ಸೊಟ್ಟಗಿದ್ದರೆ ಓದಿಕೋ. ಮಾನ್ವಿಯಿಂದ ತಿರುಗಿ ಬಂದೆ ಎಂದದ್ದು ಸುಳ್ಳು. ನಿಮ್ಮೂರಿಗೆ ಬಂದಿದ್ದೆ. ಹೊಳೆಯ ದಾರಿಯಲ್ಲಿ ಮಾವನವರು ಎದುರಾದರು, ಕೂಸು ಅವರ ಬಗಲಲ್ಲಿತ್ತು. ಗಾಡಿ ನಿಲ್ಲಿಸಿ ಇಳಿದೆ. ಅವರು ಬೈಯಲಿಲ್ಲ. "ಹಿಡೀರಿ" ಎಂದು ಕೂಸನ್ನು ನನ್ನ ಕೈಗೆ ಕೊಟ್ಟರು. ಅಳಲಿಲ್ಲ ಅವಳು. ನನ್ನ ಮೀಸೆ ಹಿಡಿದು ಜಗ್ಗಿ ಮುಖ ನೋಡಿದಳು. ಮಾತಾಡಿಸಬೇಕೆಂದು ಬಾಯಿ ತೆರೆದೆ. ಏನೆಂದು ಕರೆಯಲಿ? ನನ್ನ ಮಗಳ ಹೆಸರು ನನಗೆ ಗೊತ್ತಿಲ್ಲ. ತೊಟ್ಟಿಲಿಗೆ ಬರದ ನಾನು ಅದನ್ನು ಯಾವ ಮುಖದಿಂದ ಆ ಹಿರಿಯರನ್ನು ಕೇಳಲಿ? ಅವಳನ್ನು ಅವರ ಕೈಗೆ ಕೊಟ್ಟು, ನೀರೂ ಕುಡಿಯದೆ ಬಂದುಬಿಟ್ಟೆ. ನಾನು ಬಂದದ್ದನ್ನು ನಿನಗೆ ಹೇಳಬೇಡಿರೆಂದು ನಾನೇ ಬೇಡಿಕೊಂಡಿದ್ದೆ, ಅವರ ಮೇಲೆ ಸಿಟ್ಟಾಗಬೇಡ. ನೀನು ಬರುತ್ತೀಯೋ, ನಾನು ಬರಬಹುದೋ, ಅದಕ್ಕೆಲ್ಲ ನಿಧಾನವಾಗಿ ಯೋಚಿಸಿ ಉತ್ತರ ಬರೆ. ಅದಕ್ಕೂ ಮೊದಲು, ಈ ಪತ್ರ ಮುಟ್ಟಿದ ದಿನವೇ, ಅವಳ ಹೆಸರೊಂದನ್ನೇ ಬರೆದು ಅಂಚೆಗೆ ಹಾಕು. ಬೇರೆ ಒಂದಕ್ಷರ ಬರೆಯದಿದ್ದರೂ ಸರಿ.