ಹೊಡೆತಕ್ಕೆ ನಗುವ ಜನ

ಜೂನ್ 4, ಮಧ್ಯಾಹ್ನ 3
ಮ್ಯಾಟಿನಿ ಶುರುವಾಯಿತು. ಟಿಕೆಟ್ ಕೌಂಟರ್ ಮುಚ್ಚಿ, ಹಾಲ್‌ನ ಹಿಂಬಾಗಿಲಲ್ಲಿ ನಿಂತು ಅದೇ ಕಾಮಿಡಿ ನೋಡಿದೆ. ಹನ್ನೊಂದನೇ ಸಲ. ಹೆಂಡತಿ ಸೌಟು ಬೀಸುತ್ತಾಳೆ, ಗಂಡನ ತಲೆಯಲ್ಲಿ ಬುಗುಟು ಏಳುತ್ತದೆ. ಮುಂದಿನ ಸೀನಿಗೆ ಬುಗುಟು ಮಾಯ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಕಾಮಿಡಿಯಲ್ಲಿ ಯಾರಿಗೂ ನೋವಾಗುವುದಿಲ್ಲ, ಅದೇ ಅದರ ಸುಖ.
ತಂಗಿಗೆ ಮಾತ್ರ ಅಳಿಸುವ ಸಿನಿಮಾ ಬೇಕು.

ಜೂನ್ 9
ತಂಗಿ ಬಂದಿದ್ದಳು. ಎಡಗೈಗೆ ಪ್ಲಾಸ್ಟರ್. ಬಾತ್‌ರೂಮಿನಲ್ಲಿ ಜಾರಿದಳಂತೆ. ಕುತ್ತಿಗೆಯ ಮೇಲೆ ನಾಲ್ಕು ಬೆರಳಿನ ಗುರುತು. ಬಾತ್‌ರೂಮಿಗೆ ಬೆರಳಿರುತ್ತದೆಯೇ? ಕೇಳಿದ್ದಕ್ಕೆ ಅತ್ತಳು. ಗಂಡ ಗ್ಯಾರೇಜ್ ಮೆಕ್ಯಾನಿಕ್. ಊಟ ತಣ್ಣಗಿತ್ತೆಂದು ಸ್ಪ್ಯಾನರ್ ಎತ್ತಿದ್ದಾನೆ.
"ಇಲ್ಲೇ ಇದ್ಬಿಡು."
"ಸರಿಹೋಗ್ತಾನೆ ಅಕ್ಕಾ. ಹೋದ ತಿಂಗಳು ಸಿನಿಮಾ ನೋಡಿದ್ವಲ್ಲ, ಅದ್ರಲ್ಲಿ ಗಂಡನೂ ಹೀಗೇ ಹೊಡೀತಿದ್ದ. ಕೊನೇಲಿ ಕಾಲಿಗೆ ಬೀಳಲಿಲ್ವಾ?"
"ಅದು ಎರಡೂವರೆ ಗಂಟೇಲಿ ಮುಗಿಯತ್ತೆ ಕಣೇ. ನಿಂದು ಆರು ವರ್ಷ ಆಯ್ತು."
ಹೋದಳು. ಆ ಸಿನಿಮಾಕ್ಕೆ ನಾನೂ ಅತ್ತಿದ್ದೆ, ಅವಳ ಕೈ ಹಿಡಿದುಕೊಂಡೇ. ಈಗ ನೆನೆದರೆ ಮೈಯೆಲ್ಲ ಉರಿಯುತ್ತದೆ.

ಜೂನ್ 21
ಬೆಳಿಗ್ಗೆ ಬ್ಯಾಗ್ ಹಿಡಿದು ಬಂದಳು. ಮುಂದಿನ ಎರಡು ಹಲ್ಲಿಲ್ಲ. ಕೆಲಸಕ್ಕೆ ಜೊತೆಯಲ್ಲೇ ಕರೆದೊಯ್ದು ಕೌಂಟರಿನೊಳಗೆ ಕೂರಿಸಿಕೊಂಡೆ.

ಜೂನ್ 22, ಸಂಜೆ 6
ನಾಳೆ ಸ್ಟೇಷನ್ನಿಗೆ ಬರಬೇಕಂತೆ. ಅದಕ್ಕೆ ಮೊದಲೇ ಬರೆದುಬಿಡುತ್ತೇನೆ.
ಮ್ಯಾಟಿನಿ ನಡೆಯುತ್ತಿತ್ತು. ತಂಗಿಯ ಗಂಡ ಬಂದ.
"ಅತ್ತಿಗೆ, ಅವಳನ್ನ ಕಳಿಸಿ."
"ಕಳಿಸಲ್ಲ."
ಕೌಂಟರ್ ಬಾಗಿಲನ್ನು ಒದ್ದ. ಚಿಲಕ ಕಿತ್ತುಬಂತು. ಅವಳ ಕೂದಲು ಹಿಡಿದು ಹೊರಗೆಳೆದ. ತಲೆಯನ್ನು ನೆಲಕ್ಕೆ ಅಪ್ಪಳಿಸಿದ—ಒಂದು ಸಲ, ಇನ್ನೊಂದು ಸಲ. ಮೇಲಿನ ಪ್ರೊಜೆಕ್ಟರ್ ರೂಮಿನಿಂದ ಆಪರೇಟರ್ ಅಣ್ಣ ಓಡಿಬಂದರು, ಅರವತ್ತು ದಾಟಿದವರು. ಹೊಟ್ಟೆಗೆ ಒದೆ ತಿಂದು ಮೆಟ್ಟಿಲ ಬುಡದಲ್ಲೇ ಮುದುಡಿ ಬಿದ್ದರು. ಕೂಗಿದೆ. ಒಳಗೆ ಹಾಲ್ ತುಂಬ ನಗು... ಯಾರಿಗೆ ಕೇಳಬೇಕು?
ಶಟರ್ ಎಳೆಯುವ ಕಬ್ಬಿಣದ ಸರಳು ಕೈಗೆ ಸಿಕ್ಕಿತು. ಮೊದಲ ಏಟು ಭುಜಕ್ಕೆ. ತಿರುಗಿದ. ಎರಡನೆಯದು ದವಡೆಗೆ. ಸಿನಿಮಾದ ಸದ್ದಲ್ಲ ಅದು. ಒಣಗಿದ ಕಡ್ಡಿ ಮುರಿದಂತೆ, ಇಷ್ಟೇ ಇಷ್ಟು. ಬಿದ್ದ. ಬಿದ್ದವನ ಮೊಣಕಾಲಿಗೆ ಮತ್ತೊಂದು ಕೊಟ್ಟೆ. ಅದು ಬೇಕಿರಲಿಲ್ಲ. ಆದರೂ ಕೊಟ್ಟೆ. ಕೊಟ್ಟಾಗ ಹಾಯೆನಿಸಿತು. ಬೇರೆ ಯಾರಿಗೂ ಹೇಳಲಾರೆ.
ಅಷ್ಟರಲ್ಲಿ ಇಂಟರ್‌ವಲ್. ಬಾಗಿಲು ತೆರೆಯಿತು. ಮೊದಲು ಹೊರಬಂದವನು ನಮ್ಮನ್ನು ನೋಡಿ, ಆ ನಗುವಿನ ಗುಂಗಿನಲ್ಲೇ ನಕ್ಕುಬಿಟ್ಟ. ಆಮೇಲೆ ಅವನ ಚಪ್ಪಲಿಗೆ ರಕ್ತ ತಾಗಿತು.

ಜೂನ್ 23
ಸ್ಟೇಷನ್. ಇನ್‌ಸ್ಪೆಕ್ಟರ್ ಕೇಳಿದರು, "ಬಿದ್ದ ಮೇಲೂ ಯಾಕಮ್ಮ ಹೊಡೆದ್ರಿ?"
"ಸಿಟ್ಟಿತ್ತು ಸಾರ್."
"ಹೀಗೇ ಬರ್ಕೊಂಡ್ರೆ ಒಳಗೆ ಹೋಗ್ತೀರ."
"ಬರ್ಕೊಳ್ಳಿ."
ಜಾಮೀನು ಸಿಕ್ಕಿತು. ಮನೆಗೆ ಬಂದರೆ ತಂಗಿ ಇಲ್ಲ. ತಲೆಗೆ ಹೊಲಿಗೆ ಹಾಕಿಸಿಕೊಂಡು, ಅದೇ ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ಕೂತಿದ್ದಾಳಂತೆ.

ಜೂನ್ 29
ಆರು ದಿನ. ಫೋನ್ ಎತ್ತಲಿಲ್ಲ ಅವಳು. ಇವತ್ತು ಬಂದಳು.
"ಕೈ ಮುಗಿದ ಅಕ್ಕಾ. ಕಣ್ಣಲ್ಲಿ ನೀರು."
"ಆಮೇಲೆ?"
"ದವಡೆಗೆ ತಂತಿ ಹಾಕಿದಾರಲ್ಲ, ಮಾತಾಡಕ್ಕಾಗಲ್ಲ. ಚೀಟೀಲಿ ಬರೆದುಕೊಟ್ಟ. 'ಎಲ್ಲಾ ನಿನ್ನ ಅಕ್ಕನೇ ಮಾಡಿದ್ದು ಅಂತ ಹೇಳು, ನಿನ್ನ ಹಲ್ಲು ಮುರಿದಿದ್ದೂ ಅವಳೇ ಅಂತ.'"
"ನೀನೇನ್ ಮಾಡ್ದೆ?"
"ಆ ಚೀಟೀನೇ ತಗೊಂಡು ಸ್ಟೇಷನ್‌ಗೆ ಹೋದೆ. ಮೊದಲನೇ ವರ್ಷದಿಂದ ಎಲ್ಲಾ ಹೇಳ್ದೆ. ಸಹಿ ಹಾಕಿ ಬಂದೆ." ಚಪ್ಪಲಿ ಕಳಚಿ ಒಳಗೆ ಬಂದಳು. "ಹಸಿವಾಗ್ತಿದೆ ಅಕ್ಕಾ."

ಜುಲೈ 3, ಮಧ್ಯಾಹ್ನ 2
ಕೇಸು ನನ್ನ ಮೇಲೂ ನಡೆಯುತ್ತದಂತೆ. ನಡೆಯಲಿ.
ಹೊಸ ಸಿನಿಮಾ ಬಂದಿದೆ. ಕೌಂಟರಿನಲ್ಲಿ ಇಬ್ಬರೂ ಕೂತಿದ್ದೆವು. ಕಿಂಡಿಯಲ್ಲಿ ಒಬ್ಬ ಮುದುಕ ಬಗ್ಗಿ ಕೇಳಿದ: "ಮೇಡಂ, ಫೈಟಿಂಗ್ ಇದೆಯಾ?"
ನಾನು ಬಾಯಿ ತೆರೆಯುವ ಮೊದಲೇ ತಂಗಿ, "ಒಳಗಿಲ್ಲ ತಾತ. ಹೊರಗೆ ಆಗೋಯ್ತು" ಅಂದಳು.
ಹಾಗಂದು, ತಾನೇ ಬಿದ್ದು ಬಿದ್ದು ನಗತೊಡಗಿದಳು. ಇವಳ ನಗು ಇಷ್ಟು ದೊಡ್ಡದು ಅನ್ನುವುದೇ ನನಗೆ ಮರೆತುಹೋಗಿತ್ತು.